ಗರಡಿಮನೆಯ ಕಾದಂಬರಿಕಾರ ಕೆ. ವಿ. ಅಯ್ಯರ್

ಕನ್ನಡ ಸಾಹಿತ್ಯವನ್ನು ಐಚ್ಛಿಕ ವಿಷಯವನ್ನಾಗಿ ಆರಿಸಿಕೊಂಡಿರುವ ನಮ್ಮ ತರಗತಿಯ ಮಿತ್ರರಲ್ಲಿ ‘ಶಾಂತಲಾ’ ಕಾದಂಬರಿಯ ಹೆಸರನ್ನು ಕೇಳದವರು ವಿರಳ. ‘ರೂಪದರ್ಶಿ’ಯ ಕಥೆಯನ್ನಂತೂ ಅದನ್ನು ಓದದವರೂ ಹೇಳಬಲ್ಲರು. ಆದರೆ ಈ ಎರಡು ಕೃತಿಗಳನ್ನು ರಚಿಸಿದ ಮಹನೀಯರು ಹೊಟ್ಟೆಪಾಡಿಗಾಗಿ ಏನು ಮಾಡುತ್ತಿದ್ದರು ಎಂದು ವಿಚಾರಿಸಿದರೆ, ಅಧ್ಯಾಪಕರಿರಬೇಕು, ಇಲ್ಲವೇ ಪತ್ರಿಕಾ ಸಂಪಾದಕರಿರಬೇಕು ಎಂಬ ಉತ್ತರವೇ ಬರುತ್ತದೆ. ಸತ್ಯವೇ ಬೇರೆ. ಕೆ. ವಿ. ಅಯ್ಯರವರು ಗರಡಿಮನೆಯ ಗುರುಗಳು. ನಮ್ಮ ಕಡೆಯ ಮಾತಿನಲ್ಲಿ ಹೇಳುವುದಾದರೆ ತಾಲೀಮಿನ ಉಸ್ತಾದರು. ಬೆಂಗಳೂರಿನ ಜನ ಅವರನ್ನು ಪ್ರೊಫೆಸರ್ ಅಯ್ಯರ್ ಎಂದು ಕರೆಯುತ್ತಿದ್ದುದು ಯಾವ ಕಾಲೇಜಿನ ಹುದ್ದೆಯಿಂದಲೂ ಅಲ್ಲ. ಅಂಗಸಾಧನೆಯನ್ನು ಒಂದು ಶಾಸ್ತ್ರವೆಂದು ತಿಳಿದು ಕಲಿಸಿದುದರಿಂದ.

ಅವರ ಪೂರ್ಣ ಹೆಸರು ಕೋಲಾರ ವೆಂಕಟೇಶ ಅಯ್ಯರ್. ಹುಟ್ಟಿದ್ದು 1897ರಲ್ಲಿ, ಕೋಲಾರ ಸೀಮೆಯಲ್ಲಿ. ಅವರ ಬಾಲ್ಯದ ಕಾಲವನ್ನು ಸ್ವಲ್ಪ ನೆನಪಿಗೆ ತಂದುಕೊಳ್ಳುವುದು ಅವಶ್ಯ. ಪರರಾಜ್ಯಕ್ಕೆ ಒಳಗಾದ ನಾಡಿನ ಜನರು ಮೈಯಲ್ಲಿ ಬಲವಿಲ್ಲದವರು, ಆದಕಾರಣ ಆಳಿಸಿಕೊಳ್ಳುವುದಕ್ಕೆ ತಕ್ಕವರು ಎಂಬ ಭಾವನೆ ಆಗಿನ ಬಿಳಿಯ ಅಧಿಕಾರಿಗಳಲ್ಲಿತ್ತು. ಅದಕ್ಕಿಂತ ಶೋಚನೀಯವಾದುದು ಆ ಭಾವನೆ ಓದುಬರಹ ಕಲಿತ ನಮ್ಮವರ ಮನಸ್ಸಿನೊಳಗೂ ಇಳಿದಿತ್ತು. ಇಂಥ ಸಮಯದಲ್ಲಿ, 1904–05ರಲ್ಲಿ, ಯುಜೀನ್ ಸ್ಯಾಂಡೋ ಎಂಬ ಜಗತ್ಪ್ರಸಿದ್ಧ ಬಲಶಾಲಿ ಹಿಂದೂಸ್ಥಾನದಲ್ಲಿ ಸಂಚಾರ ಮಾಡಿ ತನ್ನ ದೇಹವನ್ನೇ ಪ್ರದರ್ಶನಕ್ಕಿಟ್ಟನು. ಮನುಷ್ಯನು ತನ್ನ ಮಾಂಸಖಂಡಗಳನ್ನು ಶಿಲ್ಪಿಯು ಕಲ್ಲನ್ನು ಕಡೆಯುವಂತೆ ಕಡೆದುಕೊಳ್ಳಬಹುದೆಂಬ ವಿಚಾರ ಊರೂರಿಗೆ ಹರಡಿತು. ಕಲಕತ್ತೆ, ಪುಣೆ, ಬರೋಡೆಗಳಲ್ಲಿ ವ್ಯಾಯಾಮ ಶಾಲೆಗಳು ತಲೆಯೆತ್ತಿದವು. ಈ ಗಾಳಿಯನ್ನು ಉಸಿರಾಡಿ ಬೆಳೆದ ತರುಣರಲ್ಲಿ ಅಯ್ಯರವರೂ ಒಬ್ಬರು.

1922ರಲ್ಲಿ ಅವರು ಬೆಂಗಳೂರಿನಲ್ಲಿ ‘ಹರ್ಕ್ಯುಲಿಸ್ ಜಿಮ್ನೇಷಿಯಂ’ ಎಂಬ ವ್ಯಾಯಾಮಶಾಲೆಯನ್ನು ತೆರೆದರು. ಆಗ ಅವರಿಗೆ ಇಪ್ಪತ್ತೈದು ವರ್ಷ. ಹೆಸರು ಗ್ರೀಕರ ವೀರನದು. ಒಳಗೆ ನಡೆಯುತ್ತಿದ್ದ ಸಾಧನೆ ಮಾತ್ರ ಅರ್ಧ ಪಶ್ಚಿಮದ್ದು, ಅರ್ಧ ನಮ್ಮದು. ಭಾರ ಎತ್ತುವ ಕಬ್ಬಿಣದ ಸಲಾಕೆಗಳ ಪಕ್ಕದಲ್ಲಿಯೇ ದಂಡ, ಬೈಠಕ್, ಆಸನ, ಸೂರ್ಯನಮಸ್ಕಾರಗಳಿಗೂ ಸ್ಥಳವಿತ್ತು. ಬರುತ್ತಿದ್ದವರು ಹೆಚ್ಚಾಗಿ ನಗರದ ಮಧ್ಯಮ ವರ್ಗದವರು, ಕುಳಿತು ಕೆಲಸ ಮಾಡುವವರು. ಬೆನ್ನು ಬಾಗಿ, ಎದೆ ಕುಗ್ಗಿ, ಅಜೀರ್ಣ ಮಲಬದ್ಧತೆಗಳಿಂದ ನರಳುವ ದೇಹಗಳನ್ನು ನೆಟ್ಟಗೆ ಮಾಡುವುದೇ ಅಲ್ಲಿನ ಮೊದಲ ಪಾಠ. ಅಯ್ಯರವರ ದೇಹ ತಾನೇ ಒಂದು ಜಾಹೀರಾತಿನಂತಿತ್ತು. ಅವರ ಭಾವಚಿತ್ರಗಳು ಪರದೇಶದ ವ್ಯಾಯಾಮ ಪತ್ರಿಕೆಗಳಲ್ಲಿಯೂ ಅಚ್ಚಾದವು. ತಮ್ಮ ದೇಹಸೌಂದರ್ಯವನ್ನು ಕುರಿತು ಬರೆಯುವಾಗ ಅವರು ಸಂಕೋಚಪಡುತ್ತಿರಲಿಲ್ಲ. ನಮ್ಮ ಹಿರಿಯರ ವಿನಯದ ದೃಷ್ಟಿಯಿಂದ ನೋಡಿದರೆ ಇದು ಕೊಂಚ ಅತಿಯೆನಿಸಬಹುದು. ಆದರೆ ಕೀಳೆಂದು ಹೇಳಿಸಿಕೊಂಡ ಜನಾಂಗದವನೊಬ್ಬನು ತನ್ನ ಮೈಯನ್ನು ತಾನು ಮೆಚ್ಚಿ ತೋರಿಸುವುದರಲ್ಲಿ ಬರಿಯ ಅಹಂಕಾರವನ್ನೇ ಕಾಣುವುದು ನ್ಯಾಯವಲ್ಲವೆಂದು ನನ್ನ ಅಭಿಪ್ರಾಯ.

ಬಲವೆಂದರೆ ಬರಿಯ ತೋಳಿನ ಗಾತ್ರವೆಂದು ಅಯ್ಯರವರು ತಿಳಿದಿದ್ದರೆ ಅವರ ಚರಿತ್ರೆಯನ್ನು ಇಷ್ಟು ವಿಸ್ತಾರವಾಗಿ ಬರೆಯುವ ಪ್ರಮೇಯವಿರಲಿಲ್ಲ. ಉಬ್ಬಿದ ಸ್ನಾಯುವಿನ ಒಳಗೆ ಹೃದಯ, ಶ್ವಾಸಕೋಶ, ಜಠರ ಇವೆಲ್ಲ ಸುಸ್ಥಿತಿಯಲ್ಲಿರಬೇಕು. ಅದಕ್ಕೆ ಭಾರ ಎತ್ತುವುದೊಂದೇ ಸಾಲದು, ಯೋಗಾಸನಗಳು ಬೇಕು ಎಂಬುದು ಅವರ ನಿಶ್ಚಯ. ಈ ಕೆಲಸದಲ್ಲಿ ಅವರಿಗೆ ಜೊತೆಯಾದವರು ಯೋಗಾಚಾರ್ಯ ಸುಂದರಂ ಅವರು. ಸುಂದರಂ ಅವರು 1928ರಲ್ಲಿ ಯೋಗಾಸನಗಳನ್ನು ಕುರಿತು ಇಂಗ್ಲಿಷಿನಲ್ಲಿ ಪ್ರಕಟಿಸಿದ ಪುಸ್ತಕವು, ಗುರುವಿಲ್ಲದೆಯೂ ಮನೆಯಲ್ಲಿ ಅಭ್ಯಾಸ ಮಾಡುವಂತೆ ಛಾಯಾಚಿತ್ರಗಳೊಡನೆ ಬಂದ ಮೊದಮೊದಲ ಪುಸ್ತಕಗಳಲ್ಲಿ ಒಂದು. ಇಬ್ಬರೂ ಸೇರಿ ಊರಿಂದೂರಿಗೆ ಹೋಗಿ ಉಪನ್ಯಾಸ ಮಾಡಿ, ಪ್ರಾತ್ಯಕ್ಷಿಕೆ ತೋರಿಸಿದರು. ಒಬ್ಬರದು ಶಕ್ತಿ, ಇನ್ನೊಬ್ಬರದು ಮಣಿತ. ಅದುವರೆಗೆ ಯೋಗವೆಂದರೆ ಸಂನ್ಯಾಸಿಗಳ ಸೊತ್ತು, ಸಂಸಾರಿಗೆ ಅಪಾಯ ಎಂದು ನಂಬಿದ್ದ ಗೃಹಸ್ಥರು ಆಸನಗಳನ್ನು ಹಾಕಲು ಧೈರ್ಯ ಮಾಡಿದ್ದು ಇಂಥವರಿಂದ.

ಅಯ್ಯರವರು ಸ್ವತಃ ಇಂಗ್ಲಿಷಿನಲ್ಲಿ ಹಲವು ಪುಸ್ತಕಗಳನ್ನು ಬರೆದರು. ‘ಮಸಲ್ ಕಲ್ಟ್’ 1930ರಲ್ಲಿ, ‘ಪರ್ಫೆಕ್ಟ್ ಫಿಜಿಕ್’ 1936ರಲ್ಲಿ, ‘ಸೂರ್ಯ ನಮಸ್ಕಾರ್’ 1937ರಲ್ಲಿ ಬಂದವು. ಇವುಗಳಲ್ಲಿ ಮೂರನೆಯದರ ವಿಷಯವಾಗಿ ಎರಡು ಮಾತು. ಸೂರ್ಯನಮಸ್ಕಾರವನ್ನು ಎಲ್ಲರ ವ್ಯಾಯಾಮವನ್ನಾಗಿ ಪ್ರಚಾರ ಮಾಡಿದ ಕೀರ್ತಿ ಸಾತಾರೆಯ ಹತ್ತಿರದ ಔಂಧ್ ಸಂಸ್ಥಾನದ ಅರಸರಾದ ಭವಾನರಾವ್ ಪಂತ ಪ್ರತಿನಿಧಿಯವರದು. ಕೈ ಜೋಡಿಸಿ ನೆಟ್ಟಗೆ ನಿಲ್ಲುವುದು. ಬಾಗಿ ಅಂಗೈಗಳನ್ನು ನೆಲಕ್ಕೂರುವುದು. ಒಂದು ಕಾಲನ್ನು, ಆಮೇಲೆ ಇನ್ನೊಂದನ್ನು ಹಿಂದಕ್ಕೆ ಚಾಚುವುದು. ಪಾದ, ಮೊಣಕಾಲು, ಅಂಗೈ, ಎದೆ, ಹಣೆಗಳನ್ನು ನೆಲಕ್ಕೆ ಮುಟ್ಟಿಸುವುದು. ಎದೆಯೆತ್ತಿ ಬೆನ್ನನ್ನು ಬಿಲ್ಲಿನಂತೆ ಬಗ್ಗಿಸುವುದು. ಸೊಂಟವನ್ನು ಮೇಲಕ್ಕೆತ್ತಿ ಬಂದ ದಾರಿಯಲ್ಲಿಯೇ ಹಿಂದಿರುಗಿ ನಿಲ್ಲುವುದು. ಪ್ರತಿಯೊಂದು ಚಲನೆಗೂ ಉಸಿರಿನ ಲೆಕ್ಕವುಂಟು. ಉಸಿರು ತಪ್ಪಿದರೆ ಅದು ಬರಿಯ ಕಸರತ್ತು. ಉಸಿರಿಗೆ ಕೂಡಿಸಿ ಮಾಡಿದರೆ ಮನಸ್ಸು ಅತ್ತಿತ್ತ ಓಡಲು ಎಡೆಯೇ ಇರುವುದಿಲ್ಲ. ಇದಕ್ಕೆ ಉಪಕರಣ ಬೇಡ, ಎದುರಾಳಿ ಬೇಡ, ಹಣ ಬೇಡ. ಒಬ್ಬ ಮನುಷ್ಯನು ಮಲಗುವಷ್ಟು ನೆಲ ಸಾಕು. ಕಬ್ಬಿಣ ಕೊಳ್ಳಲು ಶಕ್ತಿಯುಳ್ಳವರಿಗೆ ಕಲಿಸುತ್ತಿದ್ದ ಅಯ್ಯರವರು ಏನೂ ಇಲ್ಲದವನೂ ಮಾಡಬಹುದಾದ ಈ ಸಾಧನೆಗೆ ಒಂದು ಪ್ರತ್ಯೇಕ ಪುಸ್ತಕವನ್ನೇ ಮೀಸಲಿಟ್ಟದ್ದು ನನಗೆ ಬಹಳ ಹಿಡಿಸಿತು.

ಅಂಚೆಯ ಮೂಲಕ ವ್ಯಾಯಾಮ ಕಲಿಸುವ ಏರ್ಪಾಡನ್ನೂ ಅವರು ನಡೆಸಿದರು. ಇಂದು ಕೈಯಲ್ಲಿರುವ ಮೊಬೈಲಿನಲ್ಲಿ ಯಾವ ದೇಶದ ಶಿಕ್ಷಕನನ್ನಾದರೂ ನೋಡಬಲ್ಲ ನಮಗೆ ಇದು ಅಲ್ಪವೆನಿಸೀತು. ಆದರೆ ದೂರದ ಯಾವುದೋ ಸಣ್ಣ ಊರಿನಲ್ಲಿ, ಗರಡಿಯಿಲ್ಲದ ಕಡೆ, ಒಬ್ಬ ಹುಡುಗನು ಅಂಚೆಯವನ ದಾರಿ ಕಾದು, ಪಾಠದ ಹಾಳೆಯನ್ನು ಗೋಡೆಗೆ ಅಂಟಿಸಿ, ಕಂಡಿಲ್ಲದ ಗುರುವಿನ ಮಾತಿನಂತೆ ದಿನವೂ ಬೆಳಗಿನ ಜಾವ ಸಾಮು ಮಾಡುವುದನ್ನು ಊಹಿಸಿಕೊಂಡರೆ ಏಕಲವ್ಯನ ನೆನಪಾಗದೆ ಇರದು. ಈ ಗುರುಗಳು ಹೆಬ್ಬೆರಳನ್ನು ಕೇಳಲಿಲ್ಲ, ಶುಲ್ಕವನ್ನಷ್ಟೇ ಕೇಳಿದರು.

ಮೈಸೂರಿನ ಅರಮನೆಗೂ ಅಯ್ಯರವರಿಗೂ ನಂಟು ಬೆಳೆಯಿತು. ನಾಲ್ವಡಿ ಕೃಷ್ಣರಾಜ ಒಡೆಯರವರು ಅಸ್ವಸ್ಥರಾದಾಗ ಅಯ್ಯರವರು ಅಂಗಮರ್ದನ ಮತ್ತು ವ್ಯಾಯಾಮಗಳಿಂದ ಶುಶ್ರೂಷೆ ಮಾಡಿದರೆಂದೂ, ಪ್ರಸನ್ನರಾದ ಮಹಾರಾಜರು ವ್ಯಾಯಾಮಶಾಲೆಗೆ ಸ್ವಂತ ಕಟ್ಟಡವಾಗಲು ನೆರವಾದರೆಂದೂ ಹೇಳುತ್ತಾರೆ. ಬೆಂಗಳೂರಿನ ಜೆ. ಸಿ. ರಸ್ತೆಯಲ್ಲಿ ಎದ್ದ ‘ವ್ಯಾಯಾಮಶಾಲೆ’ಯೇ ಅದು. ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ ಅಯ್ಯರವರ ಶಿಷ್ಯರಾದ ಅನಂತರಾಯರು ಅಂಗಸಾಧನೆ ಕಲಿಸುತ್ತಿದ್ದರು. ಅದೇ ಅರಮನೆಯಲ್ಲಿ, ಕೆಲವೇ ಹೆಜ್ಜೆಗಳ ಆಚೆ, 1933ರಿಂದ ತಿರುಮಲೈ ಕೃಷ್ಣಮಾಚಾರ್ಯರ ಯೋಗಶಾಲೆ ನಡೆಯುತ್ತಿತ್ತು. ಕೃಷ್ಣಮಾಚಾರ್ಯರು ತಮ್ಮ ‘ಯೋಗ ಮಕರಂದ’ವನ್ನು ಕನ್ನಡದಲ್ಲಿಯೇ ಬರೆದರು, ಅದು 1934ರಲ್ಲಿ ಹೊರಬಂದಿತು. ಅವರ ಶಿಷ್ಯರಾದ ಬಿ. ಕೆ. ಎಸ್. ಅಯ್ಯಂಗಾರ್ ಮತ್ತು ಪಟ್ಟಾಭಿ ಜೋಯಿಸರು ಮುಂದೆ ಯೋಗವನ್ನು ಜಗತ್ತಿಗೇ ಕಲಿಸಿದರು. ಇಂದು ಪರದೇಶಗಳ ಯೋಗಶಾಲೆಗಳಲ್ಲಿ ಸೂರ್ಯನಮಸ್ಕಾರವು ಆಸನಗಳ ಜೊತೆ ಹೆಣೆದುಕೊಂಡಿರುವುದಕ್ಕೆ ಆ ಅರಮನೆಯ ನೆರೆಹೊರೆಯೂ ಒಂದು ಕಾರಣವಿರಬಹುದೇ ಎಂದು ಈಚಿನ ಸಂಶೋಧಕರು ಚರ್ಚಿಸುತ್ತಿದ್ದಾರೆ. ಗರಡಿಯಿಂದ ಯೋಗಶಾಲೆಗೆ ಏನಾದರೂ ದಾಟಿತೆಂದರೆ ಯೋಗದ ಮಾನ ಹೋಗುವುದೆಂದು ಕೆಲವರು ಹೆದರುತ್ತಾರೆ. ಎರಡೂ ಮನೆಗಳ ನೆಲದ ಮೇಲೆ ಸುರಿದ ಬೆವರು ಒಂದೇ ಅಲ್ಲವೆ?

ಅದೇ ದಶಕಗಳಲ್ಲಿ ಪೂರ್ವ ಸಮುದ್ರದ ಆಚೆಯ ಜಪಾನಿನಲ್ಲಿ ಮೊರಿಹೆಯಿ ಉಯೆಶಿಬಾ (1883–1969) ಎಂಬವರು ಇದೇ ಬಗೆಯ ಹುಡುಕಾಟದಲ್ಲಿದ್ದರು. ಯೋಧರ ಹಳೆಯ ಮಲ್ಲವಿದ್ಯೆಯನ್ನು ಕಲಿತು, ಅದರಿಂದ ಎದುರಾಳಿಯನ್ನು ಕೆಡಹುವ ಹಟವನ್ನು ತೆಗೆದು, ಅವನ ಬಲದೊಡನೆ ತನ್ನ ಬಲವನ್ನು ಹೊಂದಿಸುವ ಸಾಧನೆಯೊಂದನ್ನು ಅವರು ರೂಪಿಸಿದರು. 1931ರಲ್ಲಿ ಟೋಕಿಯೋದಲ್ಲಿ ಅವರ ಅಭ್ಯಾಸಮಂದಿರ ಆರಂಭವಾಯಿತು. ಇಂದು ಅದನ್ನು ಐಕಿಡೋ ಎನ್ನುತ್ತಾರೆ. ಐ ಎಂದರೆ ಕೂಡುವಿಕೆ, ಕಿ ಎಂದರೆ ಪ್ರಾಣಶಕ್ತಿ, ಡೋ ಎಂದರೆ ಮಾರ್ಗ. ಅಯ್ಯರವರೂ ಉಯೆಶಿಬಾ ಅವರೂ ಪರಸ್ಪರರ ಹೆಸರನ್ನು ಕೇಳಿದ್ದಿರಲಾರರು. ಮೈಯನ್ನು ಪಳಗಿಸಲು ಹೊರಟವರು ಕೊನೆಗೆ ಮನಸ್ಸಿನ ಬಾಗಿಲಿಗೆ ಬಂದು ನಿಲ್ಲುವುದು ಯಾವ ದೇಶದಲ್ಲಿಯೂ ಒಂದೇ ಎಂಬುದಕ್ಕಾಗಿ ಈ ಮಾತನ್ನು ಹೇಳಿದೆ.

ಇನ್ನು ನಮ್ಮ ಕಡೆಯ ವಿಷಯ. ಅಯ್ಯರವರು ಮೈಸೂರು ಸಂಸ್ಥಾನದಲ್ಲಿ ಕೀರ್ತಿವಂತರಾದಾಗ ನಾವು ನಿಜಾಮರ ಆಳ್ವಿಕೆಯಲ್ಲಿದ್ದೆವು. ಎರಡು ನಾಡುಗಳೂ ಒಂದೇ ರಾಜ್ಯವಾದದ್ದು 1956ರಲ್ಲಿ. ಹಾಗೆಂದು ಅಂಗಸಾಧನೆಯ ಪಾಠ ಬೆಂಗಳೂರಿನಿಂದ ಇಲ್ಲಿಗೆ ಬರಬೇಕಾಗಿರಲಿಲ್ಲ. ಕೆಮ್ಮಣ್ಣಿನ ಅಖಾಡ, ಮೂಲೆಯಲ್ಲಿ ಮಾರುತಿಯ ಮೂರ್ತಿ, ಗೋಡೆಗೆ ಒರಗಿಸಿದ ಕಟ್ಟಿಗೆಯ ಗದೆಗಳು, ಜಾತ್ರೆಯ ದಿನ ಪೈಲವಾನರ ಕುಸ್ತಿ, ಗುಂಡುಕಲ್ಲು ಎತ್ತುವ ಪಂದ್ಯ ಇವು ನಮ್ಮ ಸೀಮೆಗೆ ಹೊಸವಲ್ಲ. ಇನ್ನೂ ಹಿಂದಕ್ಕೆ ಹೋದರೆ, ಕಲ್ಯಾಣದ ಚಾಲುಕ್ಯರ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದಲ್ಲಿ ರಚಿಸಿದ ಸಂಸ್ಕೃತ ‘ಮಾನಸೋಲ್ಲಾಸ’ದಲ್ಲಿ ಮಲ್ಲರ ವರ್ಗಗಳನ್ನೂ, ಅವರ ಸಾಧನೆಯನ್ನೂ, ಅವರಿಗೆ ಕೊಡಬೇಕಾದ ಆಹಾರವನ್ನೂ ವಿವರಿಸಿದ್ದಾನೆ. ಆ ಕಲ್ಯಾಣ ಇಂದಿನ ಬೀದರ ಜಿಲ್ಲೆಯ ಬಸವಕಲ್ಯಾಣ.

ಆದರೆ ಇಲ್ಲಿಯೇ ನನಗೊಂದು ಪ್ರಶ್ನೆ ಎದುರಾಯಿತು, ಅದನ್ನು ಮುಚ್ಚಿಡಲಾರೆ. ತೆಂಗಳಿ ನನ್ನ ಹುಟ್ಟೂರು. ಶಹಾಬಾದ, ವಾಡಿ, ಚಿತ್ತಾಪುರ, ಸೇಡಂ ಸುತ್ತಿನ ಈ ನೆಲ ತೊಗರಿಯದು, ಹಾಗೆಯೇ ಕಲ್ಲಿನದು. ನಮ್ಮ ತಂದೆಯವರು ಫರ್ಸಿಕಲ್ಲಿನ ಗಣಿಯಲ್ಲಿ ದುಡಿಯುವವರು. ಸೂರ್ಯ ಮೂಡುವ ಮೊದಲೇ ಹಾರೆ, ಉಳಿ, ಸುತ್ತಿಗೆಗಳೊಡನೆ ಹೋಗಿ, ಪದರು ಪದರಾಗಿ ಕಲ್ಲನ್ನು ಬಿಡಿಸಿ, ಇಬ್ಬರು ಮೂವರು ಕೂಡಿ ಚಪ್ಪಡಿಗಳನ್ನು ಎತ್ತಿ ಸಾಲಾಗಿ ನಿಲ್ಲಿಸುತ್ತಾರೆ. ಅವರ ತೋಳುಗಳನ್ನು ಕಂಡರೆ ಯಾವ ವ್ಯಾಯಾಮಶಾಲೆಯ ಶಿಕ್ಷಕನೂ ಮೆಚ್ಚಬೇಕು. ಅವರ ಉಸಿರನ್ನು ಆಲಿಸಿದರೆ ಮಾತ್ರ ಮೆಚ್ಚಲಾರ. ಬಲಗಡೆಯ ಹೆಗಲು ಎಡಗಡೆಯದಕ್ಕಿಂತ ಕೆಳಗಿಳಿದಿದೆ. ಸಂಜೆ ಕುಳಿತವರು ಎದ್ದೇಳಲು ಗೋಡೆಯನ್ನು ಹಿಡಿಯುತ್ತಾರೆ. ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲಿಗ. ನಾನು ಅಂಗಸಾಧನೆಯ ಪುಸ್ತಕವನ್ನು ಓದುವುದನ್ನು ನೋಡಿ ಅವರಿಗೆ ನಗು ಬಂದಿತು. ಮೈಗೆ ದುಡಿತ ಸಿಗದವರು ದುಡಿತವನ್ನು ಪುಸ್ತಕದಲ್ಲಿ ಹುಡುಕುತ್ತಾರೆಂಬುದು ಆ ನಗೆಯ ತಾತ್ಪರ್ಯ.

ಈ ನಗೆಗೆ ಅಯ್ಯರವರಲ್ಲಿ ಉತ್ತರವಿದೆಯೇ ಎಂದು ನಾನು ಹುಡುಕಿದೆನು. ಅರ್ಧ ಉತ್ತರವಿದೆ. ದುಡಿತ ಬೇರೆ, ಸಾಧನೆ ಬೇರೆ. ದುಡಿತದಲ್ಲಿ ಕೆಲಸವು ದೇಹವನ್ನು ಬಳಸಿಕೊಳ್ಳುತ್ತದೆ. ಯಾವ ಅಂಗ ಎಷ್ಟು ಸವೆಯಬೇಕೆಂಬುದನ್ನು ಕಲ್ಲು ಗೊತ್ತುಮಾಡುತ್ತದೆ, ಗುತ್ತಿಗೆದಾರನು ಗೊತ್ತುಮಾಡುತ್ತಾನೆ. ಸಾಧನೆಯಲ್ಲಿ ಮನುಷ್ಯನು ತಾನೇ ಗೊತ್ತುಮಾಡುತ್ತಾನೆ. ಮುಂದಕ್ಕೆ ಬಾಗಿದಷ್ಟು ಹಿಂದಕ್ಕೆ ಬಾಗುತ್ತಾನೆ, ಬಲಗಡೆಗೆ ಮಾಡಿದ್ದನ್ನು ಎಡಗಡೆಗೂ ಮಾಡುತ್ತಾನೆ, ಉಸಿರು ಸೋತರೆ ನಿಲ್ಲುತ್ತಾನೆ. ಉಸಿರು ಸೋತಾಗ ನಿಲ್ಲುವ ಅಧಿಕಾರ ಗಣಿಯ ಕೂಲಿಗಾರನಿಗೆ ಇಲ್ಲ. ಇಷ್ಟು ತಿಳಿಯುವುದಕ್ಕೆ ಸೂರ್ಯನಮಸ್ಕಾರದ ವಿಧಾನವನ್ನು ಗಮನವಿಟ್ಟು ನೋಡಿದರೆ ಸಾಕು. ಉಳಿದರ್ಧ ಉತ್ತರ ಅಯ್ಯರವರ ಪದ್ಧತಿಯಲ್ಲಿ ಇಲ್ಲ. ಅದು ಹೊಟ್ಟೆತುಂಬ ಊಟ, ಹಾಲು ತುಪ್ಪ, ಬೆಳಗಿನ ಬಿಡುವು, ರಾತ್ರಿಯ ನಿದ್ರೆ ಇವೆಲ್ಲ ಇವೆಯೆಂದು ಭಾವಿಸಿಕೊಂಡು ಹೊರಟ ಪದ್ಧತಿ. ಸೋಮೇಶ್ವರನ ಮಲ್ಲರಿಗೆ ಅರಮನೆಯ ಉಗ್ರಾಣವಿತ್ತು. ಗಣಿಯ ಮಲ್ಲರಿಗೆ ಜೋಳದ ರೊಟ್ಟಿ, ಹಿಂಡಿಪಲ್ಲೆ. ಈ ಅಂತರವನ್ನು ಯಾವ ಆಸನವೂ ತುಂಬಲಾರದು.

ಅಯ್ಯರವರನ್ನು ನಾನು ಪೂರ್ತಿಯಾಗಿ ಒಪ್ಪಿಕೊಂಡದ್ದು ಅವರ ವ್ಯಾಯಾಮ ಗ್ರಂಥಗಳಿಂದಲ್ಲ, ‘ರೂಪದರ್ಶಿ’ಯಿಂದ. ಅವರನ್ನು ಸಾಹಿತ್ಯದ ಕಡೆಗೆ ಸೆಳೆದವರಲ್ಲಿ ಟಿ. ಪಿ. ಕೈಲಾಸಂ ಮುಖ್ಯರು. ಈ ಸ್ನೇಹವೇ ಒಂದು ವಿಚಿತ್ರ. ಒಬ್ಬರು ಗಡಿಯಾರದ ಮುಳ್ಳಿನಂತೆ ನಿಯಮಕ್ಕೆ ಕಟ್ಟುಬಿದ್ದವರು. ಇನ್ನೊಬ್ಬರು ಊಟ ನಿದ್ರೆಗಳಿಗೂ ನಿಯಮವನ್ನು ಒಲ್ಲದವರು. ಆದರೂ ಅಯ್ಯರವರು ಕೈಲಾಸಂ ಅವರನ್ನು ಹಿರಿಯಣ್ಣನಂತೆ ಕಂಡರು. ಕೈಲಾಸಂ 1946ರಲ್ಲಿ ತೀರಿಕೊಂಡ ಬಳಿಕ ಅವರ ನೆನಪುಗಳನ್ನು ಬರೆದು ಪ್ರಕಟಿಸಿದರು. ‘ರವಿ ಕಲಾವಿದರು’ ಎಂಬ ಹವ್ಯಾಸಿ ನಾಟಕ ತಂಡದೊಡನೆಯೂ ಅಯ್ಯರವರ ಸಂಬಂಧವಿತ್ತು. ಭಾರ ಎತ್ತುವ ಹುಡುಗರ ಗುರುಗಳು ರಂಗಸ್ಥಳದ ದೀಪದ ಕೆಳಗೂ ಓಡಾಡಿದರು.

‘ರೂಪದರ್ಶಿ’ಯ ಕಥೆ ನಡೆಯುವುದು ಇಟಲಿಯ ಫ್ಲಾರೆನ್ಸ್ ನಗರದಲ್ಲಿ. ಚಿತ್ರಕಾರನು ಮೈಕೆಲೆಂಜೆಲೋ. ಇದು ಚರಿತ್ರೆಯಲ್ಲ, ಪಶ್ಚಿಮದಲ್ಲಿ ಬಾಯಿಂದ ಬಾಯಿಗೆ ಬಂದ ಬಗೆಯ ದಂತಕಥೆ. ಬಾಲ ಯೇಸುವಿನ ಚಿತ್ರಕ್ಕೆ ತಕ್ಕ ಮುಖವನ್ನು ಹುಡುಕುತ್ತ ಚಿತ್ರಕಾರನು ಒಂದು ಮುಗ್ಧ ಬಾಲಕನನ್ನು ಕಾಣುತ್ತಾನೆ. ವರುಷಗಳುರುಳಿದ ಮೇಲೆ, ಯೇಸುವಿಗೆ ದ್ರೋಹ ಬಗೆದ ಜೂದಾಸನ ಮುಖಕ್ಕಾಗಿ ಕ್ರೌರ್ಯವೇ ಮೂರ್ತಿವೆತ್ತ ಒಬ್ಬನನ್ನು ಹುಡುಕಿ ತರುತ್ತಾನೆ. ಇಬ್ಬರೂ ಒಬ್ಬನೇ ಎಂಬುದು ಕೊನೆಗೆ ತಿಳಿಯುತ್ತದೆ. ಕಥೆಯ ಈ ತಿರುವು ಎಲ್ಲರಿಗೂ ಗೊತ್ತು. ಬರೆದವರು ಯಾರೆಂಬುದನ್ನು ಜೊತೆಗಿಟ್ಟುಕೊಂಡು ಓದಿದರೆ ಬೇರೊಂದು ಅರ್ಥ ಹೊಳೆಯುತ್ತದೆ. ರೂಪವನ್ನು ಕಟ್ಟುವುದೇ ತಮ್ಮ ವೃತ್ತಿಯಾಗಿದ್ದವರು, ಸಾವಿರಾರು ಬೆಳಗುಗಳನ್ನು ತಮ್ಮ ಮತ್ತು ಪರರ ದೇಹಗಳನ್ನು ತಿದ್ದುವುದರಲ್ಲಿ ಕಳೆದವರು, ರೂಪವು ಹೇಗೆ ಕೆಡುತ್ತದೆ ಎಂಬುದನ್ನು ತಮ್ಮ ಕಾದಂಬರಿಯ ವಸುವನ್ನಾಗಿ ಆರಿಸಿಕೊಂಡರು. ಆ ಬಾಲಕನ ಮುಖವನ್ನು ಕೆಡಿಸಿದ್ದು ವ್ಯಾಯಾಮದ ಕೊರತೆಯಲ್ಲ. ಬದುಕು ಒಳಗಿನಿಂದ ಅವನನ್ನು ಕಡೆಯಿತು. ಒಳಗಿನ ಉಳಿಗೆ ಹೊರಗಿನ ಉಳಿ ಎದುರು ನಿಲ್ಲಲಾರದೆಂಬುದನ್ನು ದೇಹದಾರ್ಢ್ಯದ ಗುರುಗಳೇ ಬರೆದಿಟ್ಟರು. ನಮ್ಮ ತಂದೆಯವರ ಇಳಿದ ಹೆಗಲಿನ ಕಥೆಯೂ ಈ ಜಾತಿಯದೇ. ಅವರ ದೇಹವನ್ನು ಓದಬಲ್ಲವನಿಗೆ ಮೂವತ್ತು ವರ್ಷಗಳ ಗಣಿಯ ಲೆಕ್ಕವೆಲ್ಲ ಅಲ್ಲಿಯೇ ಸಿಗುತ್ತದೆ.

‘ಶಾಂತಲಾ’ ಇನ್ನೂ ದೊಡ್ಡ ಕಾದಂಬರಿ. ಹೊಯ್ಸಳ ವಿಷ್ಣುವರ್ಧನನ ಪಟ್ಟದರಸಿಯಾದ ಶಾಂತಲೆ ನೃತ್ಯ ಗೀತ ವಾದ್ಯಗಳಲ್ಲಿ ಪಾರಂಗತಳಾಗಿದ್ದಳೆಂದು ಶಾಸನಗಳು ಹೊಗಳುತ್ತವೆ. ಅವಳು 1131ರಲ್ಲಿ ಶಿವಗಂಗೆಯಲ್ಲಿ ದೇಹತ್ಯಾಗ ಮಾಡಿದಳು. ಆ ಹೊಯ್ಸಳರು ಆಗ ಸಾಮಂತರಾಗಿದ್ದುದು ನಮ್ಮ ಕಲ್ಯಾಣದ ಚಾಲುಕ್ಯರಿಗೆ. ಮಲ್ಲರ ವಿಚಾರ ಬರೆದ ಸೋಮೇಶ್ವರನೂ ಶಾಂತಲೆಯೂ ಸಮಕಾಲೀನರು. ನೃತ್ಯದ ಶಿಸ್ತನ್ನು ಬಲ್ಲ ಒಂದು ದೇಹ, ಅದನ್ನು ಬಿಟ್ಟುಕೊಡಲು ಸಿದ್ಧವಾದ ಒಂದು ಮನಸ್ಸು. ಇಂಥ ನಾಯಿಕೆಯನ್ನು ಅಯ್ಯರವರು ಒಲಿದು ಆರಿಸಿಕೊಂಡದ್ದರಲ್ಲಿ ಆಶ್ಚರ್ಯವಿಲ್ಲ. ಭಾಷೆ ಅಲ್ಲಲ್ಲಿ ಅಲಂಕಾರದಿಂದ ಭಾರವಾಗಿದೆಯೆಂದು ನನಗೆ ತೋರಿತು. ನಮ್ಮ ಅಧ್ಯಾಪಕರು ಇದನ್ನು ಒಪ್ಪಲಿಕ್ಕಿಲ್ಲ.

ಅಯ್ಯರವರು 1980ರಲ್ಲಿ ನಿಧನರಾದರು. ಎಂಬತ್ತಕ್ಕೂ ಮಿಕ್ಕಿ ಬಾಳಿದ ಅವರು ಸ್ವಾತಂತ್ರ್ಯವನ್ನು ಕಂಡರು, ಕನ್ನಡ ನಾಡು ಒಂದಾದುದನ್ನು ಕಂಡರು, 1973ರಲ್ಲಿ ಅದು ಕರ್ನಾಟಕವೆಂದು ಹೆಸರಾದುದನ್ನೂ ಕಂಡರು. ನಮ್ಮ ಕಾಲೇಜಿನ ಗ್ರಂಥಾಲಯದಲ್ಲಿ ಅವರ ಕಾದಂಬರಿಗಳಿವೆ, ವ್ಯಾಯಾಮದ ಪುಸ್ತಕಗಳಿಲ್ಲ. ‘ರೂಪದರ್ಶಿ’ಯ ರಟ್ಟು ಕಿತ್ತುಹೋಗಿದ್ದರೂ ಒಳಗಿನ ಹಾಳೆಗಳು ಎಲ್ಲವೂ ಇವೆ. ಬೇಕಾದವರು ಎಡಗಡೆಯ ಗೋಡೆಯ ಕಪಾಟಿನಲ್ಲಿ ಕೆಳಗಿನಿಂದ ಎರಡನೆಯ ಸಾಲನ್ನು ನೋಡಬೇಕು.